ಮೈಕ್ರೋಬಯಾಲಜಿ ಪ್ರೊಫೆಸರ್ ನಿವೃತ್ತರಾದ ಮೇಲೆ ಅವರ ಲ್ಯಾಬಿನ ಕಲ್ಚರ್‌ಗಳಿಗೆ ವಾರಸುದಾರರು ಯಾರು?

ಹಳೇ ವಿದ್ಯಾರ್ಥಿ, ದಾವಣಗೆರೆ

ನಮ್ಮ ಗೈಡ್‌ಗೆ ಈ ವರ್ಷ ಅರವತ್ತೆರಡು ತುಂಬುತ್ತೆ, ನಿವೃತ್ತಿ. ಹೆಸರು ಇಲ್ಲಿ ಬರೆಯಲ್ಲ, ಅವರಿಗದು ಇಷ್ಟವಾಗಲ್ಲ. ಬೀಳ್ಕೊಡುಗೆಗೆ ಹಳೇ ವಿದ್ಯಾರ್ಥಿಗಳೆಲ್ಲ ಸೇರ್ತಿದ್ದೀವಿ. ಅಭಿನಂದನಾ ಗ್ರಂಥ ತರೋಣ ಅಂತ ಕೆಲವರು, ಅವರ ಹೆಸರಲ್ಲಿ ಚಿನ್ನದ ಪದಕ ಇಡೋಣ ಅಂತ ಕೆಲವರು. ಎರಡೂ ಆಗಲಿ. ಆದ್ರೆ ನನ್ನನ್ನ ಕಾಡ್ತಿರೋದು ಅವರ ಡೀಪ್ ಫ್ರೀಜರ್‌ನಲ್ಲಿರೋ ಕಲ್ಚರ್‌ಗಳು. ಈ ಸೀಮೆಯ ಹೊಲ, ಕಣ, ಗೋದಾಮು, ಗಣಿ, ಕೆರೆದಂಡೆಯಿಂದ ಮಣ್ಣು-ಕಾಳು ತಂದು, ಅದರಿಂದ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ, ಶಿಲೀಂಧ್ರ, ಎಳೆ ಎಳೆಯಾಗಿ ಬೆಳೆಯೋ ಬ್ಯಾಕ್ಟೀರಿಯಾಗಳಾದ ಆಕ್ಟಿನೋಮೈಸೀಟ್‌ಗಳು. ಸರ್ ಬೀಗದ ಕೈ ಒಪ್ಪಿಸಿ ಹೋದ ಮೇಲೆ ಇವನ್ನ ನೋಡ್ಕೊಳ್ಳೋರು ಯಾರು?

ಅವರು ನಡೆದು ಬಂದ ದಾರಿ ನಮ್ಮ ಕಡೆಯ ಎಷ್ಟೋ ಮೇಷ್ಟ್ರುಗಳದ್ದೂ ಹೌದು. ಹಳ್ಳಿ ಶಾಲೆ, ಕನ್ನಡ ಮಾಧ್ಯಮ, ಜಿಲ್ಲೆಯ ಕಾಲೇಜಲ್ಲೇ ಬಿ.ಎಸ್ಸಿ, ಆಮೇಲೆ ಎಂ.ಎಸ್ಸಿ, ಪಿಎಚ್‌.ಡಿ. ಆಗ ಮೈಕ್ರೋಬಯಾಲಜಿ ಅಂದ್ರೆ ಬಹಳ ಕಡೆ ಸಸ್ಯಶಾಸ್ತ್ರದೊಳಗಿನ ಒಂದು ಪೇಪರ್ ಅಷ್ಟೆ. ಅರೆಕಾಲಿಕ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾದು, ಕಾಯಂ ಆಗಿ, ಅಸಿಸ್ಟೆಂಟ್, ಅಸೋಸಿಯೇಟ್, ಪ್ರೊಫೆಸರ್ ಅಂತ ಮೇಲೆ ಬಂದವರು. ಬಯೋಡೇಟಾ ತೆಗೆದ್ರೆ ಪೇಪರ್ ಪಟ್ಟಿ, ಪ್ರಾಜೆಕ್ಟ್ ಮೊತ್ತ, ಗೈಡ್ ಮಾಡಿದವರ ಸಂಖ್ಯೆ, ಪೇಪರ್‌ಗಳನ್ನ ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನೋ ಎಚ್-ಇಂಡೆಕ್ಸ್ ಕಾಣುತ್ತೆ. ಕಲ್ಚರ್‌ಗಳಿಗೆ ಅದರಲ್ಲಿ ಕಾಲಂ ಇಲ್ಲ. ಆ ಪೇಪರ್‌ಗಳೆಲ್ಲ ಹುಟ್ಟಿದ್ದು ಮಾತ್ರ ಆ ಕಲ್ಚರ್‌ಗಳಿಂದಲೇ. ನಾಳೆ ಬೇರೆ ಊರಿನ ಸಂಶೋಧಕರು "ನೀವು ಬರೆದಿದ್ದನ್ನ ನಾನೂ ಮಾಡಿ ನೋಡ್ತೀನಿ, ಸ್ಟ್ರೇನ್ (ತಳಿ) ಕಳಿಸಿ" ಅಂದ್ರೆ ಕಳಿಸೋಕೆ ಜೀವ ಇರೋ ಸ್ಟ್ರೇನ್ ಬೇಕು. ಅದು ಇಲ್ಲದಿದ್ರೆ ಬರೆದಿದ್ದನ್ನ ನಂಬಬೇಕಷ್ಟೆ.

ಗೊತ್ತಿರೋರು ಹೇಳಿ. ಮೇಷ್ಟ್ರುಗಳು, ಲ್ಯಾಬಿನವರು, ರೈತರು ಯಾರಾದ್ರೂ ಸರಿ.


ಲೆಕ್ಕ ಕೇಳುವವ

ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪ್ರೊಫೆಸರ್ ಸಂಬಳ, ಪ್ರಾಜೆಕ್ಟ್ ದುಡ್ಡು ಎಲ್ಲ ಜನರದ್ದು. ಮೂವತ್ತು ವರ್ಷದ ಸಂಶೋಧನೆಯಿಂದ ದಾವಣಗೆರೆ, ಚಿತ್ರದುರ್ಗದ ಜನಕ್ಕೆ ಏನು ಬಂತು? ಪೇಪರ್ ಬರೆದ್ರು, ಬಡ್ತಿ ತಗೊಂಡ್ರು. ಈಗ ಫ್ರಿಜ್‌ನಲ್ಲಿರೋ ಬೂಷ್ಟನ್ನೂ ಕಾಪಾಡಬೇಕು ಅಂತೀರಿ. ಯಾಕೆ ಅಂತ ನಮ್ಮಂಥವರಿಗೆ ತಿಳಿಯೋ ಹಾಗೆ ಹೇಳಿ.


ಹಳೇ ವಿದ್ಯಾರ್ಥಿ, ದಾವಣಗೆರೆ

ಕೇಳಬೇಕಾದ ಪ್ರಶ್ನೆ. ನಾನು ಕೆಲಸ ಮಾಡಿದ ವಿಷಯದಿಂದಲೇ ಉತ್ತರ ಕೊಡ್ತೀನಿ.

ನಮ್ಮ ಜಿಲ್ಲೆಯ ದೊಡ್ಡ ಬೆಳೆ ಮೆಕ್ಕೆಜೋಳ. ಕಟಾವಿನ ಹೊತ್ತಿಗೆ ಮಳೆ ಹಿಡಿದ್ರೆ ತೆನೆಯಲ್ಲೇ ಬೂಷ್ಟು ಬರುತ್ತೆ, ಒಣಗಿಸದೆ ಚೀಲ ಕಟ್ಟಿದ್ರೆ ಗೋದಾಮಿನಲ್ಲಿ ಬರುತ್ತೆ. ಅದರಲ್ಲಿ ಹೆದರಬೇಕಾದ್ದು ಆಸ್ಪರ್ಜಿಲ್ಲಸ್ ಫ್ಲೇವಸ್ ಅನ್ನೋ ಶಿಲೀಂಧ್ರಕ್ಕೆ. ಅದು ಅಫ್ಲಾಟಾಕ್ಸಿನ್ ಅನ್ನೋ ವಿಷ ಮಾಡುತ್ತೆ. ಈ ವಿಷದ ಸುಳಿವು ಸಿಕ್ಕಿದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಕಡಲೆಕಾಯಿ ಹಿಂಡಿ ತಿಂದ ಟರ್ಕಿ ಕೋಳಿಗಳು ರಾಶಿ ರಾಶಿ ಸತ್ತಾಗ. ಕಡಲೆಕಾಯಿ ಅಂದ್ರೆ ಚಳ್ಳಕೆರೆಯವರಿಗೆ ಬೇರೆ ಹೇಳಬೇಕಿಲ್ಲ. ಇದರ ಬಿ1 ಅನ್ನೋ ರೂಪವನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್ ತರೋ ಮೊದಲ ಗುಂಪಿಗೆ ಸೇರಿಸಿದೆ, ಹೊಡೆತ ಬೀಳೋದು ಪಿತ್ತಜನಕಾಂಗಕ್ಕೆ. 1974ರಲ್ಲಿ ರಾಜಸ್ಥಾನ-ಗುಜರಾತ್ ಗಡಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 106 ಜನ ಸತ್ತರು. ಆ ಊರಿನ ನಾಯಿಗಳೂ ಕಾಮಾಲೆ ಬಂದು ಸತ್ತಿದ್ದವು. 2004ರಲ್ಲಿ ಕೀನ್ಯಾದಲ್ಲಿ 125 ಜನ. ನಮ್ಮ ದಖ್ಖನ್ ಹಳ್ಳಿಗಳಲ್ಲೇ 1995ರಲ್ಲಿ ಮಳೆಗೆ ನೆಂದ ಜೋಳ, ಮೆಕ್ಕೆಜೋಳ ತಿಂದು ಹೊಟ್ಟೆನೋವು, ಭೇದಿ ಹರಡಿತ್ತು. ಅದಕ್ಕೆ ಕಾರಣ ಫ್ಯುಸೇರಿಯಂ ಶಿಲೀಂಧ್ರದ ಫ್ಯುಮೋನಿಸಿನ್ ಅನ್ನೋ ಇನ್ನೊಂದು ವಿಷ.

ಸರ್ ನಮಗೆ ಮೊದಲು ಹೇಳಿಕೊಟ್ಟಿದ್ದು ಬಣ್ಣ ನೋಡಿ ತೀರ್ಮಾನ ಮಾಡಬೇಡಿ ಅಂತ. ಎಲ್ಲ ಫ್ಲೇವಸ್ಸೂ ವಿಷ ಮಾಡಲ್ಲ. ಆಲೂಗಡ್ಡೆ ಅಗರ್ (ಸೂಕ್ಷ್ಮಜೀವಿ ಬೆಳೆಸೋ ಜೆಲ್ಲಿಯಂಥದ್ದು) ಮೇಲೆ ಬೆಳೆದಾಗ ಎರಡು ಪ್ಲೇಟಲ್ಲೂ ಅದೇ ಹಳದಿ-ಹಸಿರು ಪುಡಿ, ಅದೇ ಬಿಳಿ ಅಂಚು. ಆಗ ಪ್ಲೇಟನ್ನ ಬೋರಲು ಹಾಕಿ, ಮುಚ್ಚಳದೊಳಗೆ ಅಮೋನಿಯಾ ದ್ರಾವಣದ ಒಂದೆರಡು ತೊಟ್ಟು ಬಿಟ್ಟು ಕಾಯ್ತೀವಿ. ವಿಷ ಮಾಡೋ ಕಾಲೊನಿಯ ತಳ ನಿಧಾನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಮಾಡದೇ ಇರೋದು ಹಾಗೇ ಇರುತ್ತೆ. ತೆಂಗಿನಹಾಲಿನ ಅಗರ್ ಮೇಲೆ ಬೆಳೆಸಿ ಕತ್ತಲಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿದ್ರೆ ವಿಷ ಇರೋ ಕಾಲೊನಿ ಸುತ್ತ ನೀಲಿ ಬೆಳಕು ಕಾಣುತ್ತೆ. ಖರ್ಚು ಬಹಳ ಕಮ್ಮಿ. ಜಿಲ್ಲಾ ಮಟ್ಟದ ಲ್ಯಾಬಿನಲ್ಲಿ ಮಾಡೋಕಾಗೋದು ಇಂಥ ಪರೀಕ್ಷೆಗಳೇ. ಆಮೇಲೆ ಅನುಮಾನ ಬಂದ ಸ್ಯಾಂಪಲ್ ಮಾತ್ರ ದೊಡ್ಡ ಉಪಕರಣಕ್ಕೆ ಕಳಿಸ್ತಿದ್ವಿ.

ವಿಷ ಮಾಡದೇ ಇರೋ ಫ್ಲೇವಸ್‌ಗಳು ಯಾಕೆ ಮುಖ್ಯ ಅಂದ್ರೆ, ಅಮೆರಿಕಾದಲ್ಲಿ, ಆಫ್ರಿಕಾದ ಹಲವು ದೇಶಗಳಲ್ಲಿ ಅಂಥವನ್ನೇ ಕಾಳಿನ ಮೇಲೆ ಬೆಳೆಸಿ ಹೊಲಕ್ಕೆ ಚೆಲ್ಲುತ್ತಾರೆ. ಅವು ಮೊದಲೇ ಜಾಗ ಹಿಡಿದು ವಿಷದ ತಳಿಗಳನ್ನ ಬದಿಗೆ ತಳ್ಳುತ್ತವೆ. ನೈಜೀರಿಯಾದಲ್ಲಿ ಬಳಸೋ ಅಫ್ಲಾಸೇಫ್ ಅನ್ನೋದು ಅದೇ. ಅಲ್ಲಿ ನಿಯಮ ಏನಂದ್ರೆ, ಬಳಸೋ ತಳಿ ಆ ಪ್ರದೇಶದ್ದೇ ಆಗಿರಬೇಕು, ಹೊರಗಿಂದ ತಂದು ಚೆಲ್ಲೋ ಹಾಗಿಲ್ಲ. ಈಗ ನೋಡಿ, ನಮ್ಮ ಕಡೆ ಎಂದಾದ್ರೂ ಆ ಕೆಲಸ ಶುರುವಾದ್ರೆ ಜಗಳೂರು, ಹರಪನಹಳ್ಳಿ, ಹೊನ್ನಾಳಿ ಹೊಲದ ವಿಷರಹಿತ ತಳಿಗಳು ಬೇಕಾಗುತ್ತೆ. ಅವು ಈಗ ಇರೋದು ಆ ಫ್ರೀಜರ್‌ನಲ್ಲಿ.


ಜಗಳೂರು ಕಡೆ ರೈತ

ಸರ್, ನಮ್ ಕಡೆ ಮಳೆ ಬರಂಗಿಲ್ಲ ಬರಂಗಿಲ್ಲ ಅಂತ ಕೂತಿರ್ತೀವಿ, ಜೋಳ ಮುರಿಯೋ ಟೈಮಿಗೆ ಸರಿಯಾಗಿ ಹಿಡ್ಕಂತೈತೆ. ಕಣ ಇಲ್ಲ, ರೋಡ್ ಮೇಲೇ ಒಣಗಾಕ್ತೀವಿ. ಬೂಷ್ಟು ಹಿಡಿದದ್ದನ್ನ ಆರಿಸಿ ದನಕ್ಕೆ ಹಾಕ್ತೀವಿ, ಉಳಿದದ್ದು ಕೋಳಿ ಫಾರಂನೋರು ಕಮ್ಮಿ ರೇಟಿಗೆ ಕೇಳ್ತಾರೆ. ನೀವು ಹೇಳೋದು ನೋಡಿದ್ರೆ ದನಕ್ಕೂ ಹಾಕಂಗಿಲ್ಲ ಅನ್ನಿಸ್ತೈತೆ. ತೊಳೆದು ಬೇಯಿಸಿ ಹಾಕಿದ್ರೆ ನಡೀತದಾ?


ಹಳೇ ವಿದ್ಯಾರ್ಥಿ, ದಾವಣಗೆರೆ

ಇಲ್ಲ ಅಣ್ಣಾ, ಬೇಯಿಸಿದ್ರೆ ಬೂಷ್ಟು ಸಾಯುತ್ತೆ, ವಿಷ ಉಳಿಯುತ್ತೆ. ಅಡುಗೆಯ ಬಿಸಿಗೆ ಅದು ಜಗ್ಗಲ್ಲ. ಹಸು-ಎಮ್ಮೆ ತಿಂದ್ರೆ ಅದು ಎಂ1 ಅನ್ನೋ ಇನ್ನೊಂದು ರೂಪ ತಾಳಿ ಹಾಲಿಗೆ ಇಳಿಯುತ್ತೆ, ಮನೆ ಮಕ್ಕಳು ಕುಡಿಯೋದು ಅದೇ ಹಾಲು. ಹಾಲಿನಲ್ಲಿ ಅದಕ್ಕೆ ಕಾನೂನಿನ ಮಿತಿಯೂ ಇದೆ, ಒಂದು ಕಿಲೋಗೆ ಅರ್ಧ ಮೈಕ್ರೋಗ್ರಾಂ.

ನಿಮ್ಮ ಕೈಲಾಗೋದು ಹೇಳ್ತೀನಿ. ಕಾಳು ಬಿಡಿಸೋ ಮುಂಚೆ ತೆನೆ ಇದ್ದಾಗಲೇ ಬೂಷ್ಟಿನವು, ಹುಳ ಕೊರೆದವು ಬೇರೆ ತೆಗೀರಿ. ಮಿಷನ್‌ಗೆ ಹಾಕಿದ ಮೇಲೆ ಎಲ್ಲ ಬೆರೆತು ಹೋಗುತ್ತೆ, ಆಗ ಆರಿಸೋಕಾಗಲ್ಲ. ನೆಲಕ್ಕೆ ಟಾರ್ಪಾಲ್ ಹಾಸಿ, ಮಣ್ಣು ತಗಲಿಸಬೇಡಿ, ಶಿಲೀಂಧ್ರದ ಬೀಜಕಣ ಇರೋದೇ ಮಣ್ಣಲ್ಲಿ. ಚೀಲ ಕಟ್ಟೋವಾಗ ತೇವಾಂಶ ಶೇಕಡಾ 13-14ಕ್ಕಿಂತ ಜಾಸ್ತಿ ಇರಬಾರದು. ವ್ಯಾಪಾರಿಗಳ ಹತ್ರ ತೇವಾಂಶ ನೋಡೋ ಮೀಟರ್ ಇರುತ್ತೆ. ಅವರು ರೇಟು ಮುರಿಯೋಕೆ ಮಾತ್ರ ಅದನ್ನ ಹಿಡೀತಾರೆ, ನೀವು ಮಾರೋ ಮುಂಚೇನೇ ಹಿಡಿಸಿ ನೋಡಿ. ಒಡೆದ ಕಾಳು ಕಮ್ಮಿ ಇದ್ದಷ್ಟೂ ಒಳ್ಳೇದು, ಒಡೆದ ಕಡೆಯಿಂದಲೇ ಅದು ಒಳಗೆ ಹೋಗೋದು.


ಅಗರ್ ಪ್ಲೇಟ್

ನಾನು ಸದ್ಯ ಪಿಎಚ್‌.ಡಿ ಮಾಡ್ತಿದ್ದೀನಿ, ಬೇರೆ ಗೈಡ್ ಹತ್ರ. ಹಳೇ ವಿದ್ಯಾರ್ಥಿ ಅಣ್ಣ ಎತ್ತಿದ ವಿಷಯಕ್ಕೆ ಒಂದು ನಿಯಮವೂ ಸೇರಿಕೊಂಡಿದೆ. 2022ರ ಯುಜಿಸಿ ಪಿಎಚ್‌.ಡಿ ನಿಯಮಾವಳಿ ಪ್ರಕಾರ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8 ಜನಕ್ಕೆ, ಅಸೋಸಿಯೇಟ್ 6 ಜನಕ್ಕೆ, ಅಸಿಸ್ಟೆಂಟ್ 4 ಜನಕ್ಕೆ ಗೈಡ್ ಆಗಬಹುದು. ಆದ್ರೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಮ್ಮಿ ಸೇವೆ ಉಳಿದಿದ್ರೆ ಹೊಸಬರನ್ನ ತಗೊಳ್ಳೋ ಹಾಗಿಲ್ಲ. ವಿದ್ಯಾರ್ಥಿ ನಡುನೀರಲ್ಲಿ ಉಳಿಯಬಾರದು ಅಂತ ಮಾಡಿದ ನಿಯಮ, ಉದ್ದೇಶ ಸರಿಯೇ.

ಲ್ಯಾಬಿನಲ್ಲಿ ಅದರ ಪರಿಣಾಮ ಬೇರೆ ಥರ ಆಗುತ್ತೆ. ಕೊನೇ ವರ್ಷಗಳಲ್ಲಿ ಒಬ್ಬೊಬ್ಬರೇ ಥೀಸಿಸ್ ಕೊಟ್ಟು ಹೊರಡ್ತಾರೆ, ಹೊಸಬರು ಬರಲ್ಲ. ಕಲ್ಚರ್‌ಗಳನ್ನ ಸಬ್‌ಕಲ್ಚರ್ ಮಾಡೋರು, ಅಂದ್ರೆ ಆಗಾಗ ಹೊಸ ಅಗರ್‌ಗೆ ದಾಟಿಸೋರು, ಸಂಶೋಧನಾ ವಿದ್ಯಾರ್ಥಿಗಳೇ. ಪ್ರೊಫೆಸರ್‌ಗೆ ಪಾಠ, ಪರೀಕ್ಷೆ, ಮೌಲ್ಯಮಾಪನ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಕಡತ, ಪಠ್ಯಕ್ರಮ ಮಂಡಳಿ (ಬಿಒಎಸ್) ಮೀಟಿಂಗ್ ಇದರಲ್ಲೇ ದಿನ ಹೋಗುತ್ತೆ. ಹಾಗಾಗಿ ನಿವೃತ್ತಿ ದಿನಕ್ಕೂ ಮುಂಚೆಯೇ ಕಲ್ಚರ್‌ಗಳು ಅನಾಥ ಆಗಿರ್ತವೆ. ನನಗೆ ಗೊತ್ತಿರೋ ಬೇರೆ ಊರಿನ ಒಂದು ಲ್ಯಾಬಿನಲ್ಲಿ ಬೇಸಿಗೆ ರಜೇಲಿ ಕರೆಂಟ್ ಹೋಗಿ ಫ್ರೀಜರ್ ಆಫ್ ಆದದ್ದು ಯಾರಿಗೂ ಗೊತ್ತಾಗಲಿಲ್ಲ. ಬಾಗಿಲು ತೆಗೆದಾಗ ಸಣ್ಣ ಸೀಸೆ, ಅಂದ್ರೆ ವಯಲ್‌ಗಳ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೆಲ್ಲ ಕಲಸಿ ಹೋಗಿತ್ತು. ಜೀವ ಉಳಿದಿದ್ದರಲ್ಲೂ ಯಾವುದು ಯಾವುದು ಅಂತ ಹೇಳೋರೇ ಇರಲಿಲ್ಲ.


ಸಂಜೆ ಲ್ಯಾಬ್, ದಾವಣಗೆರೆ

ನಾನು ಇಲ್ಲೇ ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಲೆಕ್ಕ ಕೇಳುವವರ ಮಾತಲ್ಲಿ ಅರ್ಧ ನಿಜ ಇದೆ. ಎಲ್ಲ ಸಂಶೋಧನೆಯೂ ಮೇಲೆ ಹೇಳಿದ ಜೋಳದ ಕೆಲಸದಂತಲ್ಲ.

ಯಾವುದೋ ಸೊಪ್ಪನ್ನ ಒಣಗಿಸಿ, ಮೆಥನಾಲ್‌ನಲ್ಲಿ ಸಾರ ಇಳಿಸಿ, ಅಗರ್‌ನಲ್ಲಿ ಗುಂಡಿ ಕೊರೆದು ಅದರೊಳಗೆ ಹಾಕಿ, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನ ಸ್ಕೇಲಲ್ಲಿ ಅಳೆದು "ಈ ಗಿಡದಲ್ಲಿ ಔಷಧಿ ಇದೆ" ಅಂತ ಬರೆಯೋ ಪೇಪರ್‌ಗಳು ಲೆಕ್ಕವಿಲ್ಲದಷ್ಟು ಬಂದಿವೆ. ಸೊಪ್ಪಿನ ಸಾರವನ್ನ ಮಿಲಿಗ್ರಾಂ ಲೆಕ್ಕದಲ್ಲಿ ಹಾಕ್ತಾರೆ, ಪಕ್ಕದಲ್ಲಿ ಹೋಲಿಕೆಗೆ ಇಟ್ಟ, ಆಂಟಿಬಯೋಟಿಕ್ ಹೀರಿಸಿದ ಕಾಗದದ ಡಿಸ್ಕ್‌ನಲ್ಲಿ ಇರೋದು ಮೈಕ್ರೋಗ್ರಾಂ. ಸಾವಿರ ಪಟ್ಟು ಹೆಚ್ಚು ಹಾಕಿ ಅಷ್ಟೇ ವೃತ್ತ ಬಂದ್ರೆ ಅದರಿಂದ ರೋಗಿಗೆ ಏನೂ ಸಿಗಲ್ಲ. ಎಷ್ಟು ಕಮ್ಮಿ ಪ್ರಮಾಣಕ್ಕೆ ಬ್ಯಾಕ್ಟೀರಿಯಾ ನಿಲ್ಲುತ್ತೆ ಅಂತ ನೋಡಬೇಕು, ಯಾವ ಅಣು ಅಂತ ಬೇರ್ಪಡಿಸಬೇಕು, ಮನುಷ್ಯನ ಜೀವಕೋಶಕ್ಕೆ ಹಾನಿ ಇಲ್ಲವಾ ಅಂತ ನೋಡಬೇಕು. ಅಲ್ಲಿಗೆ ಹೋಗೋ ಮುಂಚೆ ಪೇಪರ್ ಪ್ರಿಂಟ್ ಆಗಿರುತ್ತೆ. ಸಿಲ್ವರ್ ನ್ಯಾನೋ ಕಣಗಳ ಪೇಪರ್‌ಗಳದ್ದೂ ಇದೇ ಕಥೆ.

ಇದಕ್ಕೆ ಮೇಷ್ಟ್ರುಗಳನ್ನ ಮಾತ್ರ ಬೈದು ಪ್ರಯೋಜನ ಇಲ್ಲ. 2010ರಲ್ಲಿ ಯುಜಿಸಿ ಎಪಿಐ ಅಂಕ ತಂತು. ಪೇಪರ್‌ಗೆ ಇಷ್ಟು, ಸಮ್ಮೇಳನಕ್ಕೆ ಇಷ್ಟು ಅಂತ ಅಂಕ ಕೂಡಿಸಿದ್ರೆ ಬಡ್ತಿ. ದುಡ್ಡು ಕಟ್ಟಿಸ್ಕೊಂಡು ಏನು ಕೊಟ್ರೂ ಹಾಕೋ ಜರ್ನಲ್‌ಗಳು ಆಗ ನಾಯಿಕೊಡೆ ಥರ ಎದ್ದವು. ಅವನ್ನ ತಡೆಯೋಕೆ 2019ರಲ್ಲಿ ಒಪ್ಪಬಹುದಾದ ಜರ್ನಲ್‌ಗಳ ಕೇರ್ ಪಟ್ಟಿ ಬಂತು, 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟರು.

ಈಗ ಇನ್ನರ್ಧ ಹೇಳ್ತೀನಿ. ಇದೇ ಊರಿನ ಲ್ಯಾಬುಗಳಲ್ಲಿ ಮೂತ್ರದ ಕಲ್ಚರ್ ಹಾಕಿ, ಮುಲ್ಲರ್-ಹಿಂಟನ್ ಅಗರ್ ಮೇಲೆ ಡಿಸ್ಕ್ ಇಟ್ಟು, ಯಾವ ಮಾತ್ರೆ ಕೆಲಸ ಮಾಡುತ್ತೆ ಅಂತ ಡಾಕ್ಟರ್‌ಗೆ ರಿಪೋರ್ಟ್ ಕೊಡೋ ಕೈಗಳಲ್ಲಿ ಬಹಳಷ್ಟು ಇಂಥ ಪ್ರೊಫೆಸರ್‌ಗಳ ಎಂ.ಎಸ್ಸಿ ಕ್ಲಾಸಲ್ಲಿ ಪಳಗಿದ್ದು. ದೀಪದ ಉರಿ ಪಕ್ಕ ಪ್ಲೇಟಿನ ಮುಚ್ಚಳ ಎಷ್ಟು ಎತ್ತಬೇಕು, ಬ್ಯಾಕ್ಟೀರಿಯಾ ಎತ್ತೋ ತಂತಿ, ಅಂದ್ರೆ ಲೂಪ್, ಕೆಂಪಗೆ ಕಾದ ಮೇಲೆ ಎಷ್ಟು ಹೊತ್ತು ಆರಲಿ ಅಂತ ಬಿಡಬೇಕು, ಇದನ್ನ ಪುಸ್ತಕ ಓದಿ ಕಲಿಯೋಕಾಗಲ್ಲ. ಲೂಪ್ ಬಿಸಿ ಇದ್ರೆ ಬ್ಯಾಕ್ಟೀರಿಯಾ ಅಲ್ಲೇ ಸುಟ್ಟು "ಬೆಳವಣಿಗೆ ಇಲ್ಲ" ಅಂತ ರಿಪೋರ್ಟ್ ಹೋಗುತ್ತೆ, ರೋಗಿ ಜ್ವರದಲ್ಲಿ ನರಳ್ತಿರ್ತಾನೆ. ನಮ್ಮ ಮೇಡಂ ಒಬ್ಬರು ಅದೊಂದನ್ನೇ ಎಷ್ಟು ಸಲ ಮಾಡಿಸಿದ್ರೋ. ಜನಕ್ಕೆ ಏನು ಬಂತು ಅಂದ್ರೆ ಇದೂ ಬಂತು ಸರ್, ಬಯೋಡೇಟಾದಲ್ಲಿ ಕಾಣಲ್ಲ ಅಷ್ಟೆ.


ಹಿರಿಯೂರು ದಾಳಿಂಬೆ

ಆಂಟಿಬಯೋಟಿಕ್ ಮಾತು ಬಂತಲ್ಲ, ನಮ್ಮ ತೋಟದ ವಿಷಯವೂ ಹೇಳಿಬಿಡ್ತೀನಿ. ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದ್ರೆ ಎಲೆ ಮೇಲೆ ನೀರು ಕುಡಿದಂಥ ಕರಿ ಚುಕ್ಕೆ, ಕಾಯಿ ಮೇಲೆ ಚುಕ್ಕೆ ಒಡೆದು ಸೀಳು. ಒಂದು ಮಳೆಗೆ ತೋಟವೆಲ್ಲ ಹರಡುತ್ತೆ. ಇದು ಜಾಂತೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಅಂತ ನಮಗೆ ತಿಳಿದಿದ್ದು ಬಹಳ ತಡವಾಗಿ. ಅಲ್ಲಿವರೆಗೆ ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕ ಹೊಡೆದಿದ್ದೇ ಹೊಡೆದಿದ್ದು. ಆಮೇಲೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆದ್ವಿ. ಅದರಲ್ಲಿ ಇರೋದು ಮನುಷ್ಯರಿಗೆ ಕೊಡೋ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್. ನಮ್ಮ ತೋಟದ ಬ್ಯಾಕ್ಟೀರಿಯಾ ಈಗ ಅದಕ್ಕೆ ಬಗ್ಗುತ್ತಾ ಇಲ್ಲವಾ ಅಂತ ಎಲೆ ತಗೊಂಡು ಹೋಗಿ ತೋರಿಸೋಕೆ ಹತ್ತಿರದಲ್ಲೊಂದು ಜಾಗ ಬೇಕು. ವಿಶ್ವವಿದ್ಯಾಲಯದ ಬಾಗಿಲು ರೈತರಿಗೆ ತೆಗೆದಿದೆ ಅಂತ ನಮಗೆ ಯಾರೂ ಹೇಳಿಲ್ಲ.


ದುರ್ಗದ ಕಲ್ಲು

ಚಿತ್ರದುರ್ಗದ ಹತ್ರ ಇಂಗಳದಾಳು ತಾಮ್ರದ ಗಣಿ ಗೊತ್ತಲ್ಲ. ಅಂಥ ಗಣಿಯ ನೀರಲ್ಲಿ ಬದುಕೋ ಬ್ಯಾಕ್ಟೀರಿಯಾ ಒಂದಿದೆ, ಅಸಿಡಿಥಯೋಬ್ಯಾಸಿಲ್ಲಸ್ ಫೆರ್ರೋಆಕ್ಸಿಡಾನ್ಸ್. ಹೆಸರು ಉದ್ದ, ಅದರ ಕೆಲಸ ಸರಳ. ಕಬ್ಬಿಣ, ಗಂಧಕ ಇರೋ ಅದಿರನ್ನ ತಿಂದೇ ಶಕ್ತಿ ಪಡೆಯುತ್ತೆ, ಅದಕ್ಕೆ ಸಕ್ಕರೆ ಬೇಡ. ಗಂಧಕಾಮ್ಲ ಹುಟ್ಟುತ್ತೆ, ಅದಿರಿನೊಳಗಿನ ತಾಮ್ರ ಕರಗಿ ನೀರಿಗೆ ಇಳಿಯುತ್ತೆ. 1947ರಲ್ಲಿ ಅಮೆರಿಕಾದ ಕಲ್ಲಿದ್ದಲು ಗಣಿಯ ಹುಳಿ ನೀರಲ್ಲಿ ಇದನ್ನ ಮೊದಲು ಗುರುತಿಸಿದ್ರು. ಚಿಲಿ ದೇಶದಲ್ಲಿ ಕಳಪೆ ಅದಿರಿನ ಗುಡ್ಡೆಗೆ ನೀರು ಹರಿಸಿ ಇದೇ ಬ್ಯಾಕ್ಟೀರಿಯಾಗಳಿಂದ ತಾಮ್ರ ತೆಗೀತಾರೆ.

ಎಂ.ಎಸ್ಸಿ ಪ್ರಾಜೆಕ್ಟ್‌ಗೆ ನಾವು ಗಣಿ ಪಕ್ಕದ ಹೊಂಡದ ನೀರು ತಂದಿದ್ವಿ. ಫೆರಸ್ ಸಲ್ಫೇಟ್ ಹಾಕಿದ ದ್ರಾವಣ ತಿಳಿ ಹಸಿರು ಇರುತ್ತೆ. ಬ್ಯಾಕ್ಟೀರಿಯಾ ಇದ್ದ ಫ್ಲಾಸ್ಕು ದಿನ ಕಳೆದ ಹಾಗೆ ಕೆಂಪು-ಕಂದು ಆಯ್ತು, ತಳದಲ್ಲಿ ತುಕ್ಕಿನ ಗಸಿ ಕೂತಿತು. ಬ್ಯಾಕ್ಟೀರಿಯಾ ಹಾಕದ ಫ್ಲಾಸ್ಕು ಅಷ್ಟು ದಿನವೂ ಹಸಿರಾಗೇ ಇತ್ತು. ಕಣ್ಣಿಗೆ ಕಾಣದ ಜೀವಿ ಕಬ್ಬಿಣವನ್ನ ಬದಲಾಯಿಸ್ತಿದೆ ಅನ್ನೋದು ನನ್ನ ತಲೆಗೆ ಇಳಿದಿದ್ದೇ ಆಗ. ಕೋಟೆ ನೋಡೋಕೆ ಬರೋರಿಗೆ ಒಬ್ಬ ಗೈಡ್ ಇರ್ತಾರೆ, ಈ ಬೆಟ್ಟದ ಮಣ್ಣೊಳಗಿನ ಬದುಕನ್ನ ತೋರಿಸಿದ್ದು ನಮ್ಮ ಮೈಕ್ರೋಬಯಾಲಜಿ ಮೇಷ್ಟ್ರು.

ಗಣಿ ಮುಚ್ಚಿದ ಮೇಲೆ ನೀರು, ಮಣ್ಣು ಎರಡೂ ಬದಲಾಗುತ್ತೆ. ಆಗ ಸಿಕ್ಕಿದ ತಳಿ ಮತ್ತೆ ಅದೇ ಜಾಗದಲ್ಲಿ ಸಿಗುತ್ತೆ ಅಂತ ಹೇಳೋಕಾಗಲ್ಲ. ಹಾಗಾಗಿ ಹಳೇ ಕಲ್ಚರ್ ಕಾಪಾಡಬೇಕು ಅನ್ನೋದಕ್ಕೆ ನನ್ನದೂ ಒಂದು ವೋಟು.


ನಿವೃತ್ತ ಮೇಷ್ಟ್ರು

ನಾನು ಪದವಿ ಕಾಲೇಜಿನಲ್ಲಿ ಪಾಠ ಹೇಳಿದವನು, ವಿಶ್ವವಿದ್ಯಾಲಯದವನಲ್ಲ. ದಾವಣಗೆರೆಯ ಸ್ನಾತಕೋತ್ತರ ಕೇಂದ್ರ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿ ಶುರುವಾದದ್ದು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, 2009ರಲ್ಲಿ ದಾವಣಗೆರೆಯೇ ವಿಶ್ವವಿದ್ಯಾನಿಲಯ ಆದದ್ದು, ಎಲ್ಲ ನೋಡಿದ್ದೇನೆ. ಮೊದಲು ನಮ್ಮ ಹುಡುಗಿಯರಿಗೆ ಎಂ.ಎಸ್ಸಿ ಅಂದರೆ ಮೈಸೂರೋ ಧಾರವಾಡವೋ ಶಂಕರಘಟ್ಟವೋ ಎನ್ನುವ ಮಾತು, ಮನೆಯವರು ಕಳಿಸುತ್ತಿರಲಿಲ್ಲ. ತೋಳಹುಣಸೆಗೆ, ಚಿತ್ರದುರ್ಗದ ಜ್ಞಾನಗಂಗೋತ್ರಿಗೆ ಬಸ್ಸಿನಲ್ಲಿ ಹೋಗಿಬರುವ ಹಾಗಾದ ಮೇಲೆ ಎಷ್ಟೋ ಮನೆಗಳ ಮೊದಲ ಸ್ನಾತಕೋತ್ತರ ಪದವೀಧರೆ ಹೆಣ್ಣುಮಗಳೇ ಆದಳು. ಒಂದು ಜಿಲ್ಲೆಯ ಪ್ರೊಫೆಸರರ ದುಡಿಮೆಯನ್ನು ಅಳೆಯುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಲ್ಚರಿನ ವಿಷಯಕ್ಕೆ ಬರುತ್ತೇನೆ. ಬಿತ್ತನೆ ಬೀಜವನ್ನು ವರ್ಷ ವರ್ಷ ಬಿತ್ತಿ ಬೆಳೆದು ಉಳಿಸಿಕೊಂಡಂತೆ ಕಲ್ಚರನ್ನೂ ಹೊಸ ಅಗರಿಗೆ ದಾಟಿಸುತ್ತಲೇ ಇದ್ದರೆ ಸಾಕು ಎಂದು ಅನೇಕರು ತಿಳಿದಿದ್ದಾರೆ. ಅದು ಸಾಲದು. ಪದೇ ಪದೇ ದಾಟಿಸಿದ ಶಿಲೀಂಧ್ರ ಬೀಜಕಣ ಬಿಡುವುದನ್ನೇ ನಿಲ್ಲಿಸುತ್ತದೆ, ವಿಷ ಮಾಡುವ ಗುಣವನ್ನೋ ಕಿಣ್ವ ಮಾಡುವ ಗುಣವನ್ನೋ ಕಳೆದುಕೊಳ್ಳುತ್ತದೆ. ಅದಲ್ಲದೆ ನುಸಿ ಬರುತ್ತದೆ. ಹತ್ತಿಯ ಬಿರಡೆಯ ಸಂದಿಯಿಂದ ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ತೆವಳಿ, ಕಾಲಿಗೆ ಅಂಟಿದ ಬೀಜಕಣಗಳನ್ನೂ ಜೊತೆಗೆ ಒಯ್ದು ಇಡೀ ಸ್ಟ್ಯಾಂಡನ್ನೇ ಕೆಡಿಸಿಬಿಡುತ್ತದೆ.

ದುಡ್ಡಿಲ್ಲದ ಲ್ಯಾಬಿಗೂ ದಾರಿಗಳಿವೆ. ಟ್ಯೂಬಿನಲ್ಲಿ ಓರೆಯಾಗಿ ಹೆಪ್ಪುಗಟ್ಟಿಸಿದ ಅಗರಿನ (ಸ್ಲ್ಯಾಂಟ್) ಮೇಲೆ ಕ್ರಿಮಿಶುದ್ಧಿ ಮಾಡಿದ ಪ್ಯಾರಾಫಿನ್ ಎಣ್ಣೆ ತುಂಬಿದರೆ ಒಣಗುವುದಿಲ್ಲ, ನುಸಿಯೂ ಹತ್ತುವುದಿಲ್ಲ, ವರ್ಷಗಳು ಬಾಳುತ್ತದೆ. ಶಿಲೀಂಧ್ರವಿರುವ ಅಗರಿನ ಚೂರನ್ನು ಶುದ್ಧ ಡಿಸ್ಟಿಲ್ಡ್ ನೀರಿನಲ್ಲಿ ಹಾಕಿ ಬಿಗಿಯಾಗಿ ಮುಚ್ಚಿಟ್ಟರೂ ಉಳಿಯುತ್ತದೆ, ಬಹಳ ಹಳೆಯ ವಿಧಾನ. ಬ್ಯಾಕ್ಟೀರಿಯಾಕ್ಕೆ ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಇಡುವುದು ಒಳ್ಳೆಯದು. ಎಲ್ಲಕ್ಕಿಂತ ಭದ್ರವಾದದ್ದು ಫ್ರೀಜ್ ಡ್ರೈ ಮಾಡಿ (ಹೆಪ್ಪುಗಟ್ಟಿಸಿ ನೀರಿನಂಶ ತೆಗೆದು) ಗಾಜಿನ ಆಂಪ್ಯೂಲಿನಲ್ಲಿ ಬೆಸುಗೆ ಹಾಕುವುದು. ಆಮೇಲೆ ಇಟ್ಟುಕೊಳ್ಳಲು ಕರೆಂಟೇ ಬೇಕಿಲ್ಲ.

ಆದರೂ ನನ್ನ ಸಲಹೆ, ಎಲ್ಲವನ್ನೂ ಒಂದೇ ಊರಿನಲ್ಲಿ ಇಡಬೇಡಿ. ಚಂಡೀಗಢದಲ್ಲಿ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹವಿದೆ, 1986ರಿಂದ ನಡೆಯುತ್ತಿದೆ. ಶಿಲೀಂಧ್ರಗಳಿಗೆಂದೇ ಪುಣೆಯ ಅಗರ್ಕರ್ ಸಂಸ್ಥೆಯಲ್ಲಿ ರಾಷ್ಟ್ರೀಯ ಸಂಗ್ರಹವಿದೆ. ಪುಣೆಯಲ್ಲೇ ಕೈಗಾರಿಕೆಗೆ ಬೇಕಾದ ಸೂಕ್ಷ್ಮಜೀವಿಗಳ ಸಂಗ್ರಹ ಎನ್‌ಸಿಐಎಂ ಇದೆ. ಬೇಸಾಯಕ್ಕೆ ಸಂಬಂಧಪಟ್ಟವುಗಳಿಗೆ ಉತ್ತರ ಪ್ರದೇಶದ ಮವೂನಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಸಂಗ್ರಹವಿದೆ. ಅಲ್ಲಿ ಕೊಟ್ಟರೆ ಒಂದು ನಂಬರು ಸಿಗುತ್ತದೆ, ಆ ನಂಬರು ಹೇಳಿ ದೇಶದ ಯಾವ ಲ್ಯಾಬಿನವರಾದರೂ ತರಿಸಿಕೊಳ್ಳಬಹುದು. ವಿದೇಶಕ್ಕೆ ಕಳಿಸುವುದಾದರೆ ಮಾತ್ರ 2002ರ ಜೀವವೈವಿಧ್ಯ ಕಾಯ್ದೆಯ ಅನುಮತಿ ಬೇಕು, ಯಾರೂ ಸಲುಗೆಯಲ್ಲಿ ಅಂಚೆಗೆ ಹಾಕಿಬಿಡಬೇಡಿ.


ಲೆಕ್ಕ ಕೇಳುವವ

ಮೇಷ್ಟ್ರೇ, ಹಳೇ ವಿದ್ಯಾರ್ಥಿಯವರೇ, ಕಲ್ಚರ್ ಯಾಕೆ ಬೇಕು ಅನ್ನೋದು ತಿಳೀತು. ನನ್ನ ತಕರಾರು ಇನ್ನೊಂದು ಉಳಿದಿದೆ. ಜಗಳೂರಿನ ಅಣ್ಣನಿಗೆ ನೀವು ಮೇಲೆ ಹತ್ತು ಸಾಲಲ್ಲಿ ಹೇಳಿದ್ರಲ್ಲ, ಅದು ಇಷ್ಟು ವರ್ಷ ಎಲ್ಲಿತ್ತು? ಥೀಸಿಸ್ ಇಂಗ್ಲಿಷಲ್ಲಿ ಬರೆದು ಶೋಧಗಂಗಾ ಅನ್ನೋ ಥೀಸಿಸ್‌ಗಳ ವೆಬ್‌ಸೈಟಿಗೆ ಹಾಕಿರ್ತೀರಿ, ಎಪಿಎಂಸಿ ಯಾರ್ಡಿಗೆ ಒಂದು ಹಾಳೆ ಬಂದಿಲ್ಲ. ನಮ್ಮ ಮನೇಲೂ ಬೂಷ್ಟು ಬಂದ ಜೋಳ ಹಸೂಗೇ ಹಾಕಿರೋದು.


ಅಗರ್ ಪ್ಲೇಟ್

ಇದನ್ನ ಒಪ್ತೀನಿ ಸರ್. ಬಡ್ತಿ ಅರ್ಜೀಲಿ ಕನ್ನಡದ ಕರಪತ್ರಕ್ಕೆ ಸಿಗೋ ಬೆಲೆ ಎಷ್ಟು ಅಂತ ನಮಗೆಲ್ಲ ಗೊತ್ತು, ಅದಕ್ಕೇ ಯಾರೂ ಬರೆಯಲ್ಲ. ಆದ್ರೆ ಬರೆಯೋಕೆ ಅಪ್ಪಣೆ ಕೇಳಬೇಕಿಲ್ಲವಲ್ಲ. ಬೂಷ್ಟು, ತೇವಾಂಶ, ಹಾಲು, ಈ ಮೂರೇ ವಿಷಯ ಹಾಕಿ ಒಂದು ಹಾಳೆ ನಾನು ಬರೆದು ಇಲ್ಲೇ ಹಾಕ್ತೀನಿ. ಜಗಳೂರು ಅಣ್ಣ ಓದಿ, ಅರ್ಥ ಆಗದ ಕಡೆ ಹೇಳಬೇಕು. ಲ್ಯಾಬಿನ ಭಾಷೆ ನಮಗೆ ಗೊತ್ತಿಲ್ಲದಂತೆ ಒಳಗೆ ನುಗ್ಗಿರುತ್ತೆ.


ಜಗಳೂರು ಕಡೆ ರೈತ

ಓದ್ತೀನಿ ತಂಗಿ. ನಮ್ಮೂರ ಹಾಲಿನ ಡೇರಿ ಗ್ವಾಡೆಗೆ ಅಂಟಿಸ್ತೀನಿ, ದಿನಾ ಎರಡು ಹೊತ್ತು ಊರೆಲ್ಲ ಅಲ್ಲಿಗೇ ಬರೋದು. ಯಾರ್ಡಿಗಿಂತ ಅದೇ ವಾಸಿ. ಅಕ್ಷರ ದೊಡ್ಡವಾಗಿ ಹಾಕಮ್ಮ.


ಹಳೇ ವಿದ್ಯಾರ್ಥಿ, ದಾವಣಗೆರೆ

ನಿನ್ನೆ ಸರ್ ಹತ್ರ ಹೋಗಿ ಇಷ್ಟನ್ನೂ ಓದಿ ಹೇಳಿದೆ. ಅಭಿನಂದನಾ ಗ್ರಂಥ ಬೇಡ, ಆ ದುಡ್ಡಲ್ಲಿ ಆಂಪ್ಯೂಲ್, ವಯಲ್, ಅಂಚೆ ಖರ್ಚು ನೋಡ್ಕೊಳ್ಳಿ ಅಂದ್ರು. ಹಿರಿಯೂರಿನವರ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲೆ ಸ್ಯಾಂಪಲ್ ಕಾಗದದ ಕವರಲ್ಲಿ ತರೋಕೆ ಹೇಳು, ಪ್ಲಾಸ್ಟಿಕ್‌ನಲ್ಲಿ ಬೆವರಿ ಬೇರೆ ಬ್ಯಾಕ್ಟೀರಿಯಾ ಬೆಳೆದುಬಿಡುತ್ತೆ ಅಂದ್ರು. ಅವರು ಇರೋವರೆಗೆ ನೋಡಿಕೊಡ್ತಾರಂತೆ. ಹಿರಿಯೂರಿನವರು ನನಗೆ ಖಾಸಗಿಯಾಗಿ ಸಂದೇಶ ಹಾಕಿ, ದಿನ ಗೊತ್ತು ಮಾಡ್ತೀನಿ.

ಈಗ ಕೆಲಸದ ಮಾತು. ಸಂಗ್ರಹಗಳಿಗೆ ಕಳಿಸಬೇಕಾದ್ರೆ ಪ್ರತಿ ಕಲ್ಚರಿಗೂ ಎಲ್ಲಿಂದ ತೆಗೆದದ್ದು, ಯಾವ ದಿನ, ಯಾವ ಮೀಡಿಯಂನಲ್ಲಿ (ಅಗರ್‌ನಂಥ ಆಹಾರದಲ್ಲಿ) ಬೆಳೆಸಿದ್ದು, ಎಷ್ಟು ಉಷ್ಣಾಂಶ, ಯಾರು ಬೇರ್ಪಡಿಸಿದ್ದು, ಡಿಎನ್‌ಎ ಮಾಹಿತಿ ಸಂಗ್ರಹವಾದ ಜೀನ್‌ಬ್ಯಾಂಕ್‌ನ ನಂಬರು ಇದ್ರೆ ಅದು, ಇಷ್ಟೂ ಬೇಕು. ವಯಲ್ ಮೇಲೆ ಇರೋದು ಬರೀ ನಮ್ಮ ನಮ್ಮ ಇನಿಷಿಯಲ್ ಮತ್ತೆ ಒಂದು ನಂಬರು. ಅದರ ಅರ್ಥ ಇರೋದು ಆಯಾ ವಿದ್ಯಾರ್ಥಿಯ ನೋಟ್‌ಬುಕ್‌ನಲ್ಲಿ. ಫ್ಲೇವಸ್‌ಗಳದ್ದು ನನ್ನ ಹತ್ರ ಇದೆ. ಇಂಗಳದಾಳಿನ ಕಲ್ಚರ್‌ಗಳದ್ದು ದುರ್ಗದ ಕಲ್ಲು ಹತ್ರ ಇರಬಹುದು, ನೋಡಿ ಹೇಳಿ. ಮೊದಲು ಎಲ್ಲವನ್ನೂ ಒಂದೊಂದು ಸಲ ಬೆಳೆಸಿ ಜೀವ ಇದೆಯಾ, ಶುದ್ಧವಾಗಿದೆಯಾ ಅಂತ ನೋಡಬೇಕು. ಅಗರ್ ಪ್ಲೇಟ್ ತಂಗಿ ಶನಿವಾರಗಳಲ್ಲಿ ಬರ್ತೀನಿ ಅಂದಿದ್ದಾಳೆ. ಸಂಜೆ ಲ್ಯಾಬಿನವರು ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಗುರುತಿಸೋ ಗ್ರಾಂ ಸ್ಟೇನಿಂಗ್‌ಗೆ ಕೈ ಜೋಡಿಸ್ತಾರೆ.

ಮೆಕ್ಕೆಜೋಳದ ದಿಂಡು, ಅಡಿಕೆ ಸಿಪ್ಪೆ ಮೇಲೆ ಬೆಳೆಸಿ ಜೈಲನೇಸ್ ಕಿಣ್ವ ತೆಗೆದ ಬ್ಯಾಚ್‌ನವರ ನೋಟ್‌ಬುಕ್ ಮಾತ್ರ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ. ಕಾಗದದ ತಿರುಳನ್ನ ಬಿಳುಪು ಮಾಡುವಾಗ ಕ್ಲೋರಿನ್ ಕಮ್ಮಿ ಮಾಡೋಕೆ ಬರೋ ಕಿಣ್ವ ಅದು, ಆ ತಳಿಗಳನ್ನ ಬಿಡೋಕಾಗಲ್ಲ. ಚನ್ನಗಿರಿ, ಭೀಮಸಮುದ್ರ ಕಡೆ ತೋಟಗಳಿಂದ ಸಿಪ್ಪೆ ತಂದವರು ಯಾರಾದ್ರೂ ಇದನ್ನ ಓದ್ತಿದ್ರೆ, ಅಟ್ಟದ ಮೇಲಿನ ಟ್ರಂಕು ಒಂದು ಸಲ ತೆಗೆದು ನೋಡಿ. ನೀಲಿ ರಟ್ಟಿನ ಉದ್ದ ಪುಸ್ತಕ.